ಅಂಕಿತ ಬಿದ್ದ ದಿನ, ಜಾರಿಗೆ ಬಂದ ದಿನ

ವಿಧಾನಮಂಡಲದಲ್ಲಿಯೋ ಸಂಸತ್ತಿನಲ್ಲಿಯೋ ಒಂದು ಮಸೂದೆಯು ಅಂಗೀಕಾರಗೊಂಡ ಮರುದಿನವೇ ವೃತ್ತಪತ್ರಿಕೆಗಳು ಅದನ್ನು ‘ಹೊಸ ಕಾನೂನು’ ಎಂದು ಕರೆಯಲಾರಂಭಿಸುತ್ತವೆ. ಕೆಲವು ದಿನಗಳ ತರುವಾಯ ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಅಂಕಿತವೂ ದೊರೆಯುತ್ತದೆ. ಆದರೆ ಅಂಗಡಿಯ ಗಾದಿಯ ಮೇಲೆ ಕುಳಿತ ವರ್ತಕನಿಗೆ ಬೇಕಾದ ಉತ್ತರ ಈ ಎರಡು ಸುದ್ದಿಗಳಲ್ಲಿಯೂ ಇರುವುದಿಲ್ಲ. ‘ಯಾವ ದಿನದಿಂದ?’ ಎಂಬುದೇ ಅವನ ಪ್ರಶ್ನೆ. ಕಿರ್ದಿಯ ಯಾವ ಪುಟದಿಂದ ಹೊಸ ಲೆಕ್ಕ ಬರೆಯಬೇಕು, ದಾಸ್ತಾನಿನಲ್ಲಿರುವ ಹಳೆಯ ಸರಕಿಗೆ ಯಾವ ದರ, ದಾರಿಯಲ್ಲಿರುವ ಲಾರಿಗೆ ಯಾವ ಕಾಗದ ಎಂಬುದೆಲ್ಲ ಆ ಒಂದು ದಿನಾಂಕವನ್ನು ಅವಲಂಬಿಸಿರುತ್ತದೆ.

ಇದಕ್ಕೆ ಉತ್ತರವಿರುವುದು ಕಾಯ್ದೆಯ ಮೊಟ್ಟಮೊದಲ ಕಲಮಿನಲ್ಲಿ. ‘ಸಂಕ್ಷಿಪ್ತ ಹೆಸರು ಮತ್ತು ಪ್ರಾರಂಭ’ ಎಂಬ ತಲೆಬರಹದ ಆ ಕಲಮನ್ನು ಓದುವವರು ಸಾಮಾನ್ಯವಾಗಿ ದಾಟಿಕೊಂಡು ಮುಂದೆ ಹೋಗುತ್ತಾರೆ. ಕೆಲವು ಕಾಯ್ದೆಗಳಲ್ಲಿ ದಿನಾಂಕವನ್ನು ಅಲ್ಲಿಯೇ ನಮೂದಿಸಿರುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯು ತಾನು 1962ರ ಏಪ್ರಿಲ್ 1ರಂದು ಜಾರಿಗೆ ಬರುವುದಾಗಿ ತಾನೇ ಹೇಳಿಕೊಂಡಿತ್ತು. ಅದರ ಸ್ಥಾನಕ್ಕೆಂದು ರೂಪಿಸಲಾದ 2025ರ ಕಾಯ್ದೆಯೂ 2026ರ ಏಪ್ರಿಲ್ 1 ಎಂಬ ದಿನಾಂಕವನ್ನು ತನ್ನೊಳಗೇ ಬರೆದುಕೊಂಡಿದೆ. ಇನ್ನು ಕೆಲವು ಕಾಯ್ದೆಗಳು ಈ ವಿಷಯದಲ್ಲಿ ಮೌನವಾಗಿರುತ್ತವೆ. ಕೇಂದ್ರದ ಕಾಯ್ದೆ ಹೀಗೆ ಮೌನವಾಗಿದ್ದರೆ, 1897ರ ಸಾಮಾನ್ಯ ಖಂಡಗಳ ಅಧಿನಿಯಮದ 5ನೆಯ ಕಲಮಿನ ಪ್ರಕಾರ ರಾಷ್ಟ್ರಪತಿಗಳ ಅಂಕಿತ ದೊರೆತ ದಿನವೇ ಅದರ ಆರಂಭ. ಅದೂ ಹಿಂದಿನ ದಿನ ಮುಗಿದ ಮಧ್ಯರಾತ್ರಿಯ ಕ್ಷಣದಿಂದ.

ಮೂರನೆಯ ಬಗೆಯೇ ಇಂದು ಹೆಚ್ಚು ಬಳಕೆಯಲ್ಲಿರುವುದು. ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದಂಥ ದಿನಾಂಕದಂದು ಇದು ಜಾರಿಗೆ ಬರತಕ್ಕದ್ದು’ ಎಂಬ ಒಂದು ವಾಕ್ಯವನ್ನು ಬರೆದು, ಬೇರೆ ಬೇರೆ ಉಪಬಂಧಗಳಿಗೆ ಬೇರೆ ಬೇರೆ ದಿನಾಂಕಗಳನ್ನೂ ಗೊತ್ತುಪಡಿಸಬಹುದೆಂದು ಸೇರಿಸಿ, ಶಾಸನಸಭೆಯು ತನ್ನ ಕೈತೊಳೆದುಕೊಳ್ಳುತ್ತದೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಇದು ಸಹಿ ಮಾಡಿ ದಿನಾಂಕದ ಜಾಗವನ್ನು ಖಾಲಿ ಬಿಟ್ಟ ಹುಂಡಿ. ಹಣದ ವ್ಯವಹಾರದಲ್ಲಿ ಅಂತಹ ಕಾಗದವನ್ನು ಬರೆದುಕೊಡಲು ನಾವು ಹತ್ತು ಸಲ ಯೋಚಿಸುತ್ತೇವೆ. ಶಾಸನದ ವ್ಯವಹಾರದಲ್ಲಿ ಮಾತ್ರ ಅದು ನಿತ್ಯದ ರೂಢಿಯಾಗಿಬಿಟ್ಟಿದೆ. ಆ ಖಾಲಿ ಜಾಗಕ್ಕೆ ಎರಡೂ ಕಡೆಯಿಂದ ಮಿತಿ ಬೇಕು, ಅಂದರೆ ಸರ್ಕಾರವು ಅದನ್ನು ಅವಸರದಲ್ಲಿ ತುಂಬದಂತೆಯೂ ತುಂಬದೆ ವರ್ಷಗಟ್ಟಲೆ ಇಟ್ಟುಕೊಳ್ಳದಂತೆಯೂ ಕಾನೂನೇ ಕಟ್ಟುಹಾಕಬೇಕು ಎಂಬುದು ಈ ಲೇಖನದ ವಾದ.

ಹಳ್ಳಿಖೇಡದಂತಹ ಊರಿನವರಿಗೆ ದಿನಾಂಕದ ಮಹತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. (ನಮ್ಮ ಊರಿನ ಹೆಸರಿನ ಮುಂದಿರುವ ‘ಬಿ’ ಎಂಬ ಅಕ್ಷರವೇ ಹಳೆಯ ದಫ್ತರಿನದು, ಬುಜುರ್ಗ್, ಅಂದರೆ ಹಿರಿದು. ‘ಕೆ’ ಎಂದರೆ ಖುರ್ದ್, ಕಿರಿದು. ಅಕ್ಷರವನ್ನು ಮರೆತರೆ ಟಪಾಲು ಇಂದಿಗೂ ಇನ್ನೊಂದು ಹಳ್ಳಿಖೇಡಕ್ಕೆ ಹೋಗುತ್ತದೆ.) ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಗೆ 1956ರ ಆಗಸ್ಟ್ 31ರಂದು ಅಂಕಿತ ದೊರೆಯಿತು, ಗೊತ್ತುಪಡಿಸಿದ ದಿನ ನವೆಂಬರ್ 1. ಆ ದಿನ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡ ಭಾಗಗಳು ಆಂಧ್ರಪ್ರದೇಶಕ್ಕೂ ಹೋಗಿ, ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಕಾನೂನುಗಳು ಅದೇ ದಿನ ಒಂದಾಗಲಿಲ್ಲ. ಹೈದರಾಬಾದ್ ಸಂಸ್ಥಾನದಿಂದ ಬಂದ ಭಾಗಕ್ಕೆ 1950ರ ಹೈದರಾಬಾದ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆಯೇ ಮುಂದುವರಿಯಿತು. ಇಡೀ ರಾಜ್ಯಕ್ಕೆ ಒಂದೇ ಎನ್ನಬಹುದಾದ ಮಾರಾಟ ತೆರಿಗೆ ಕಾಯ್ದೆಯು ಜಾರಿಗೆ ಬಂದದ್ದು 1957ರ ಅಕ್ಟೋಬರ್ 1ರಂದು. ಹನ್ನೊಂದು ತಿಂಗಳು ಒಂದೇ ರಾಜ್ಯದೊಳಗೆ ಪ್ರಾಂತಕ್ಕೊಂದು ತೆರಿಗೆ ಕಾನೂನು ನಡೆಯಿತು.

ಮಾರುಕಟ್ಟೆಯ ಕಾನೂನು ಇನ್ನೂ ನಿಧಾನವಾಗಿ ಬಂದಿತು. ನಮ್ಮ ಭಾಗದ ದಲಾಲಿ ಅಂಗಡಿಗಳು 1339 ಫಸಲಿಯ, ಎಂದರೆ 1930ರ ಸುಮಾರಿನ, ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆಯ ಅಡಿಯಲ್ಲಿದ್ದವು. ಏಕರೂಪದ ಕೃಷಿ ಉತ್ಪನ್ನ ಮಾರಾಟ ಕಾಯ್ದೆಯನ್ನು 1966ರಲ್ಲಿ ಮಾಡಿದರೂ ಅದು ಜಾರಿಗೆ ಬಂದದ್ದು 1968ರ ಮೇ 1ರಂದು. ಈ ವಿಳಂಬವನ್ನು ನಾನು ದೂರುವುದಿಲ್ಲ. ಐದು ಪ್ರಾಂತಗಳ ಐದು ಪದ್ಧತಿಗಳನ್ನು ಒಂದಕ್ಕೆ ಹೊಂದಿಸಲು, ನಿಯಮಾವಳಿಗಳನ್ನು ರೂಪಿಸಲು, ಸಮಿತಿಗಳನ್ನು ರಚಿಸಲು ಕಾಲ ಬೇಕು. ಕಾಲಾವಕಾಶದ ಸದುಪಯೋಗಕ್ಕೆ ಅದೊಂದು ನಿದರ್ಶನ.

ಮೌಲ್ಯವರ್ಧಿತ ತೆರಿಗೆಯ ಕಥೆಯನ್ನು ನಮ್ಮ ಓದುಗರಲ್ಲಿ ಹಲವರು ಸ್ವತಃ ಅನುಭವಿಸಿದ್ದಾರೆ. ಕಾಯ್ದೆಯ ಹೆಸರಿನಲ್ಲಿರುವುದು 2003. ಅದು 2004ನೆಯ ವರ್ಷದ 32ನೆಯ ಅಧಿನಿಯಮ. ಅದು ಜಾರಿಗೆ ಬಂದದ್ದು 2005ರ ಏಪ್ರಿಲ್ 1ರಂದು. ದೇಶದಾದ್ಯಂತ 2003ರಲ್ಲಿಯೇ ಆರಂಭವಾಗಬೇಕಿದ್ದ ಈ ಪದ್ಧತಿಯನ್ನು ರಾಜ್ಯಗಳ ಸಿದ್ಧತೆಯ ಕೊರತೆಯಿಂದಲೂ ವರ್ತಕರ ವಿರೋಧದಿಂದಲೂ ಮುಂದೂಡಲಾಯಿತು. ಹರಿಯಾಣ ಒಂದೇ ಆ ವರ್ಷ ಆರಂಭಿಸಿತು. ಹುಮನಾಬಾದದಂತಹ ಗಡಿ ತಾಲ್ಲೂಕಿಗೆ ಇದರಲ್ಲಿ ಒಂದು ಅದೃಷ್ಟವಿತ್ತು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ ಮೂರೂ ಒಂದೇ ದಿನ ಹೊಸ ತೆರಿಗೆಗೆ ಕಾಲಿಟ್ಟವು. ತಮಿಳುನಾಡು ಬಂದದ್ದು 2007ರ ಜನವರಿಯಲ್ಲಿ. ನಮ್ಮ ಪಕ್ಕದ ರಾಜ್ಯಗಳೂ ಹಾಗೆ ಎರಡು ವರ್ಷ ಹಿಂದೆ ಉಳಿದಿದ್ದರೆ, ಉಮರ್ಗಾ ಅಥವಾ ಜಹೀರಾಬಾದದ ಅಂಗಡಿಯಲ್ಲಿ ಒಂದು ತೆರಿಗೆ ಪದ್ಧತಿ, ನಮ್ಮಲ್ಲಿ ಇನ್ನೊಂದು ಎಂಬ ಸ್ಥಿತಿಯಲ್ಲಿ ಗಡಿಭಾಗದ ವ್ಯಾಪಾರವು ಯಾವ ಕಡೆಗೆ ಹರಿಯುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ಕುಳಿತು ದಿನಾಂಕ ನಿಗದಿಪಡಿಸುವವರಿಗೆ ಈ ಅಂಶ ಸುಲಭವಾಗಿ ಕಾಣುವುದಿಲ್ಲ.

ತೆರಿಗೆಯನ್ನು ಬಿಟ್ಟು ಹಕ್ಕಿನ ಕಡೆಗೆ ಬಂದರೆ ದಿನಾಂಕದ ತೂಕ ಇನ್ನೂ ಹೆಚ್ಚುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ 98ನೆಯ ತಿದ್ದುಪಡಿಗೆ 2013ರ ಜನವರಿ 1ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಊರೂರಿನಲ್ಲಿ ಸಂತೋಷಪಟ್ಟದ್ದು ಸರಿಯೇ. ಆದರೆ ಅದು ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 1ರಂದು, ಉದ್ಯೋಗ ಮೀಸಲಾತಿಯ ಆದೇಶ ಹೊರಬಿದ್ದದ್ದು ನವೆಂಬರ್‌ನಲ್ಲಿ. ಹತ್ತು ತಿಂಗಳ ಈ ಅಂತರವನ್ನು ಒಂದು ಪ್ರದೇಶದ ಇತಿಹಾಸದಲ್ಲಿ ಅಲ್ಪವೆನ್ನಬಹುದು. ವಯೋಮಿತಿಯ ಅಂಚಿನಲ್ಲಿದ್ದ ಅಭ್ಯರ್ಥಿಗೆ ಅಥವಾ ಆ ವರ್ಷ ಕಾಲೇಜು ಸೇರಬೇಕಿದ್ದ ವಿದ್ಯಾರ್ಥಿಗೆ ಅದು ಅಲ್ಪವಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಲ್ಲ ಕಾನೂನುಗಳಿಗೂ ಮುಂಚಿತವಾಗಿ ಕಾಲಾವಕಾಶ ಕೊಡಬೇಕೆಂದು ಸಾರಾಸಗಟಾಗಿ ಹೇಳಲು ಬರುವುದಿಲ್ಲ. ಕೆಲವು ಕಾನೂನುಗಳಲ್ಲಿ ಕಾಲಾವಕಾಶವು ಸಿದ್ಧತೆಯಾಗುತ್ತದೆ, ಇನ್ನು ಕೆಲವುಗಳಲ್ಲಿ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಭೂ ಸುಧಾರಣಾ ಕಾಯ್ದೆಯನ್ನು ನೋಡಿರಿ. 1961ರ ಹೆಸರಿನ ಆ ಕಾಯ್ದೆಗೆ 1962ರಲ್ಲಿ ಅಂಕಿತವಾಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಮೂರು ವರ್ಷಕ್ಕೂ ಮೇಲ್ಪಟ್ಟ ಈ ಕಾಲದಲ್ಲಿ ಭೂಮಾಲೀಕರು ಗೇಣಿದಾರರನ್ನು ಬಿಡಿಸಲು, ಹಿಡುವಳಿಗಳನ್ನು ಕಾಗದದ ಮೇಲೆ ಹಂಚಿಕೊಳ್ಳಲು ಸಾಕಷ್ಟು ವೇಳೆ ಸಿಕ್ಕಿತೆಂಬ ಆಕ್ಷೇಪ ಅಂದಿನಿಂದಲೂ ಇದೆ. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ ಇದಕ್ಕೆ ವ್ಯತಿರಿಕ್ತವಾಗಿ ನಡೆಯಿತು. 1974ರ ಮಾರ್ಚ್ 1ರಂದು ಅದು ಜಾರಿಗೆ ಬಂದಿತು. ಆ ದಿನವೇ ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಅರ್ಜಿ ಕೊಡುವ ಗಡುವು ಮಾತ್ರ 1979ರ ಜೂನ್ 30ರವರೆಗೆ ಮುಂದಕ್ಕೆ ಹೋಯಿತು. ಹಕ್ಕು ಹುಟ್ಟುವ ದಿನ ಕಟ್ಟುನಿಟ್ಟು, ಅದನ್ನು ಪಡೆಯಲು ಕಾಗದಪತ್ರ ಒದಗಿಸುವ ಅವಧಿ ಸಡಿಲು. ಇದನ್ನು ಒಪ್ಪದವರು ನಮ್ಮಲ್ಲಿಯೂ ಇದ್ದಾರೆ. ಆದರೆ ದಿನಾಂಕವನ್ನು ಉಪಯೋಗಿಸಿದ ರೀತಿಯನ್ನು ಮೆಚ್ಚಲೇಬೇಕಾಗುತ್ತದೆ.

ಇದಕ್ಕಿಂತ ಮನಮುಟ್ಟುವ ಉದಾಹರಣೆಯು ನಮ್ಮ ಕುಟುಂಬಗಳೊಳಗೇ ಇದೆ. ಅವಿಭಕ್ತ ಕುಟುಂಬದ ಆಸ್ತಿಯ ಕಾನೂನಿಗೆ ತಳಹದಿಯಾದ ಮಿತಾಕ್ಷರವನ್ನು ವಿಜ್ಞಾನೇಶ್ವರನು ರಚಿಸಿದ್ದು ಇದೇ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಪರಂಪರೆಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಇರಲಿಲ್ಲ. ಅದನ್ನು ಕೊಡಲು ಕರ್ನಾಟಕವು ಮಾಡಿದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಹೆಸರಿನಲ್ಲಿರುವ ವರ್ಷ 1990. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಜಾರಿಗೆ ಬರುವ ಮೊದಲು ಮದುವೆಯಾದ ಮಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಬರೆದಿತ್ತು. ನಾಲ್ಕು ವರ್ಷಗಳ ಮದುವೆಯ ಋತುಗಳು ಆ ಅಂತರದಲ್ಲಿ ಕಳೆದುಹೋದವು. ಆ ವರ್ಷಗಳಲ್ಲಿ ಗಂಡನ ಮನೆಗೆ ಹೋದ ಎಷ್ಟು ಹೆಣ್ಣುಮಕ್ಕಳು ತಮ್ಮದಲ್ಲದ ವಿಳಂಬದಿಂದ ತೌರಿನ ಪಾಲಿನ ಹೊರಗೆ ಉಳಿದರೆಂಬುದನ್ನು ಯಾರೂ ಎಣಿಸಿದಂತಿಲ್ಲ.

ಕೇಂದ್ರದ 2005ರ ತಿದ್ದುಪಡಿಯು ಮದುವೆಯ ಈ ಭೇದವನ್ನು ಅಳಿಸಿತು. ಅಂಕಿತ ಸೆಪ್ಟೆಂಬರ್ 5ರಂದು, ಜಾರಿ ಸೆಪ್ಟೆಂಬರ್ 9ರಂದು. ಜೊತೆಗೆ ಒಂದು ಜಾಣತನವನ್ನೂ ತೋರಿತು: ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ 2004ರ ಡಿಸೆಂಬರ್ 20ರ ಮೊದಲು ನಡೆದ ಪಾಲುಪಟ್ಟಿಗಳನ್ನು ಮಾತ್ರ ಅದು ಮಾನ್ಯ ಮಾಡಿತು. ಮಸೂದೆಯ ಸುದ್ದಿ ಕೇಳಿ ಅವಸರದಲ್ಲಿ ಗಂಡುಮಕ್ಕಳ ಹೆಸರಿಗೆ ಪಾಲು ಮಾಡಿದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಆದರೂ ‘ಸೆಪ್ಟೆಂಬರ್ 9ರಂದು ತಂದೆ ಜೀವಂತರಾಗಿರಬೇಕೇ?’ ಎಂಬ ಪ್ರಶ್ನೆ ಉಳಿಯಿತು. ಹೌದು ಎಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಕರ್ನಾಟಕದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ ಹೇಳಿತು. ಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಒಂದು ದಿನಾಂಕದ ಅರ್ಥ ಇತ್ಯರ್ಥವಾಗಲು ಹದಿನೈದು ವರ್ಷ ಹಿಡಿಯಿತು. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಬಹುಪಾಲು ಕುಟುಂಬದ ಪೆಢಿಗಳೇ ಇರುವುದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಸರ್ಕಾರವು ದಿನಾಂಕವನ್ನೇ ಗೊತ್ತುಪಡಿಸದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದಲ್ಲವೇ ಎಂದು ಕೇಳಬಹುದು. ಹೋದವರಿದ್ದಾರೆ. ಸಂವಿಧಾನದ 44ನೆಯ ತಿದ್ದುಪಡಿಯ 3ನೆಯ ಕಲಂ, ವಿಚಾರಣೆಯಿಲ್ಲದ ಬಂಧನಕ್ಕೆ ಕಡಿವಾಣ ಹಾಕುವಂಥದು, 1978ರಲ್ಲಿ ಅಂಗೀಕೃತವಾದರೂ ಇಂದಿಗೂ ಜಾರಿಗೆ ಬಂದಿಲ್ಲ. ಜಾರಿಗೆ ತರುವಂತೆ ಸರ್ಕಾರಕ್ಕೆ ಆಜ್ಞಾಪಿಸಲು ಎ. ಕೆ. ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು 1981ರಲ್ಲಿ ನಿರಾಕರಿಸಿತು. ದಿನಾಂಕದ ಆಯ್ಕೆಯನ್ನು ಸಂಸತ್ತೇ ಸರ್ಕಾರಕ್ಕೆ ಬಿಟ್ಟಿರುವಾಗ ನಾವು ಮಧ್ಯೆ ಬರಲಾರೆವೆಂಬುದು ಅದರ ತಾತ್ಪರ್ಯ. 1961ರ ವಕೀಲರ ಕಾಯ್ದೆಯ 30ನೆಯ ಕಲಮಿನ ವಿಷಯದಲ್ಲಿ 1988ರಲ್ಲಿ ನ್ಯಾಯಾಲಯವು ಒಂದು ಹೆಜ್ಜೆ ಮುಂದೆ ಹೋಗಿ, ಜಾರಿ ಮಾಡುವ ಬಗ್ಗೆ ಆರು ತಿಂಗಳೊಳಗೆ ಪರಿಶೀಲಿಸಿರಿ ಎಂದಿತು. ಆ ಕಲಂ ಜಾರಿಗೆ ಬಂದದ್ದು 2011ರ ಜೂನ್ 15ರಂದು, ಕಾಯ್ದೆಗೆ ಐವತ್ತು ವರ್ಷ ತುಂಬಿದ ಮೇಲೆ! ಆದ್ದರಿಂದ ಪರಿಹಾರವು ಕೋರ್ಟಿನಲ್ಲಿಲ್ಲ, ಕಾಯ್ದೆಯನ್ನು ಬರೆಯುವ ಕೈಯಲ್ಲಿದೆ.

ಇಲ್ಲಿ ನಮ್ಮ ವರ್ತಕ ಸಮುದಾಯದ ಪಾತ್ರವನ್ನೂ ಮುಚ್ಚಿಡಬಾರದು. 1995ರಲ್ಲಿ ಅಂಕಿತವಾದ ದೆಹಲಿ ಬಾಡಿಗೆ ಕಾಯ್ದೆಯು ಎಂದಿಗೂ ಜಾರಿಗೆ ಬರಲಿಲ್ಲ. ಹಳೆಯ ಬಾಡಿಗೆಗೆ ಅಂಗಡಿಗಳನ್ನು ಹಿಡಿದಿದ್ದ ದೆಹಲಿಯ ವ್ಯಾಪಾರಿಗಳು ಅದನ್ನು ಬಲವಾಗಿ ವಿರೋಧಿಸಿದರು. ಸರ್ಕಾರಕ್ಕೆ ಕಾಯ್ದೆಯನ್ನು ರದ್ದುಪಡಿಸುವ ಧೈರ್ಯವೂ ಬರಲಿಲ್ಲ, ಜಾರಿಗೊಳಿಸುವ ಧೈರ್ಯವೂ ಬರಲಿಲ್ಲ. ಖಾಲಿ ಜಾಗವನ್ನು ಖಾಲಿಯಾಗಿಯೇ ಇಡುವುದು ಎಲ್ಲಕ್ಕಿಂತ ಸುಲಭವಾಯಿತು. ಜಾರಿಗೆ ತರಲು ಆಜ್ಞೆ ಕೊಡಿರೆಂಬ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಒಪ್ಪಲಿಲ್ಲ. ಇಂತಹ ‘ಗೆಲುವು’ ನಮಗೆ ಒಳ್ಳೆಯದೇ? ನನಗೆ ಹಾಗೆನ್ನಿಸುವುದಿಲ್ಲ. ಮುಂದೊಂದು ದಿನ ಇನ್ನೊಂದು ಸರ್ಕಾರ ಬಂದು ಒಂದು ಪುಟದ ಅಧಿಸೂಚನೆಯಿಂದ ಅದನ್ನು ಜೀವಂತಗೊಳಿಸಬಹುದು. ಆಗ ಚರ್ಚೆಗೆ ಸದನವೂ ಇರುವುದಿಲ್ಲ, ಸಿದ್ಧತೆಗೆ ವೇಳೆಯೂ ಇರುವುದಿಲ್ಲ. ಬೇಡವಾದ ಕಾನೂನನ್ನು ಸದನದಲ್ಲಿ ರದ್ದುಪಡಿಸಿಕೊಳ್ಳುವುದೇ ಗಟ್ಟಿಯಾದ ದಾರಿ. ಕೇಂದ್ರದ ಮೂರು ಕೃಷಿ ಕಾಯ್ದೆಗಳು ಹಾಗೆ ಹೋದವು. 2020ರ ಸೆಪ್ಟೆಂಬರ್‌ನಲ್ಲಿ ಅಂಕಿತವಾಗಿ ಹಿಂದಿನ ಜೂನ್ 5ರಿಂದಲೇ ಜಾರಿಯಾದವೆಂದು ಭಾವಿಸಲಾದ ಆ ಕಾಯ್ದೆಗಳಿಗೆ 2021ರ ಜನವರಿ 12ರಂದು ಸರ್ವೋಚ್ಚ ನ್ಯಾಯಾಲಯದ ತಡೆ ಬಂದಿತು. ಆ ವರ್ಷದ ನವೆಂಬರ್‌ನಲ್ಲಿ ಸಂಸತ್ತೇ ಅವುಗಳನ್ನು ರದ್ದುಗೊಳಿಸಿತು.

ಲಾರಿ ಚಾಲಕರ ಪ್ರಕರಣ ಇನ್ನೂ ಹಸಿಯಾಗಿದೆ. ಅಪಘಾತ ಮಾಡಿ ವರದಿ ಕೊಡದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಉಪಬಂಧದ ವಿರುದ್ಧ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಅನೇಕ ಕಡೆ ಲಾರಿಗಳು ನಿಂತವು. ಸಂಹಿತೆ ಅದೇ ವರ್ಷದ ಜುಲೈ 1ರಂದು ಜಾರಿಗೆ ಬಂದಾಗ ಆ ಒಂದು ಉಪಬಂಧವನ್ನು ಅಧಿಸೂಚನೆಯಿಂದ ಹೊರಗಿಡಲಾಯಿತು. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದದ ಮೂಲಕ ಹಗಲಿರುಳು ಹಾದುಹೋಗುವ ಚಾಲಕರಿಗೆ ಇದು ಸಮಾಧಾನ ತಂದಿರಬಹುದು. ಆದರೆ ಆ ಸಮಾಧಾನವು ಸದನದ ನಿರ್ಣಯವನ್ನು ಆಧರಿಸಿದ್ದಲ್ಲ, ಬರೆಯದೆ ಬಿಟ್ಟ ಒಂದು ದಿನಾಂಕವನ್ನು ಆಧರಿಸಿದ್ದು.

ಉದ್ದಿಮೆದಾರರಿಗೆ ನೇರವಾಗಿ ತಟ್ಟಿದ್ದು ಕಾರ್ಮಿಕ ಸಂಹಿತೆಗಳು. ವೇತನ ಸಂಹಿತೆಗೆ 2019ರ ಆಗಸ್ಟ್‌ನಲ್ಲಿ, ಉಳಿದ ಮೂರಕ್ಕೆ 2020ರ ಸೆಪ್ಟೆಂಬರ್‌ನಲ್ಲಿ ಅಂಕಿತವಾಯಿತು. ಅಲ್ಲಿಂದ ಪ್ರತಿ ವರ್ಷವೂ ‘ಬರುವ ಏಪ್ರಿಲ್‌ನಿಂದ ಜಾರಿ’ ಎಂಬ ಸುದ್ದಿ ಹಬ್ಬುತ್ತಿತ್ತು. ವೇತನದ ವ್ಯಾಖ್ಯೆ ಬದಲಾಗುವುದೆಂದು ಕೆಲವು ಕಾರ್ಖಾನೆಗಳು ಸಂಬಳದ ಪಟ್ಟಿಗಳನ್ನು ಎರಡೆರಡು ಸಲ ತಿದ್ದಿ ಇಟ್ಟುಕೊಂಡವು. ಬರುವುದೇ ಇಲ್ಲವೆಂದು ಕೆಲವರು ಕೈಬಿಟ್ಟರು. ಕೊನೆಗೆ 2025ರ ನವೆಂಬರ್ 21ರಂದು ನಾಲ್ಕನ್ನೂ ಜಾರಿಗೊಳಿಸಿದ ಪ್ರಕಟಣೆ ಅದೇ ದಿನ ಹೊರಬಿದ್ದಿತು. ಐದಾರು ವರ್ಷ ಕಾಯಿಸಿ, ಆಮೇಲೆ ಒಂದು ದಿನದ ಮುನ್ಸೂಚನೆಯೂ ಇಲ್ಲದೆ ಆರಂಭಿಸುವುದೆಂದರೆ ವಿಳಂಬ ಮತ್ತು ಅವಸರ ಎರಡರ ದೋಷಗಳನ್ನೂ ಒಟ್ಟಿಗೆ ತಂದುಕೊಂಡಂತೆ.

ಸರಕು ಮತ್ತು ಸೇವಾ ತೆರಿಗೆಯ ಉದಾಹರಣೆ ಇದರ ಎದುರು ದಿಕ್ಕಿನದು. 2016ರ 101ನೆಯ ಸಂವಿಧಾನ ತಿದ್ದುಪಡಿಯು ಹಳೆಯ ತೆರಿಗೆಗಳಿಗೆ ಒಂದು ವರ್ಷದ ಆಯುಸ್ಸನ್ನು ಮಾತ್ರ ಕೊಟ್ಟಿತು. 2017ರ ಸೆಪ್ಟೆಂಬರ್ ಮಧ್ಯದೊಳಗೆ ಹೊಸದು ಬಾರದಿದ್ದರೆ ರಾಜ್ಯಗಳ ಕೈಯಲ್ಲಿ ತೆರಿಗೆಯೇ ಉಳಿಯುತ್ತಿರಲಿಲ್ಲ. ಆ ಗಡುವು ಇದ್ದುದರಿಂದಲೇ, 2010ರ ಏಪ್ರಿಲ್‌ನಿಂದ ಎಂದು 2006ರ ಮುಂಗಡಪತ್ರದಲ್ಲಿ ಹೇಳಿದ್ದು 2017ರ ಜುಲೈ 1ಕ್ಕಾದರೂ ಬಂದಿತೆಂದು ನನ್ನ ನಂಬಿಕೆ. ನೋಂದಣಿಯ ಕಲಮುಗಳನ್ನು ಜೂನ್ 22ರಂದೇ ಜಾರಿಗೊಳಿಸಿ ಉಳಿದವನ್ನು ಜುಲೈ 1ಕ್ಕೆ ಇಟ್ಟದ್ದು ಸರಿಯಾದ ಕ್ರಮವೇ, ಅಂತರ ಸಾಲದಾಯಿತೆಂಬುದು ಬೇರೆ ಮಾತು. ಗಣಕ ವ್ಯವಸ್ಥೆ ಮಾತ್ರ ಸಿದ್ಧವಾಗಿರಲಿಲ್ಲ. ಕಾಯ್ದೆಯಲ್ಲಿ ಹೇಳಿದ ಎರಡನೆಯ ಮತ್ತು ಮೂರನೆಯ ನಮೂನೆಯ ವಿವರಪಟ್ಟಿಗಳನ್ನು ನಿಲ್ಲಿಸಿ, ತಾತ್ಕಾಲಿಕವೆಂದು ತಂದ 3ಬಿ ನಮೂನೆಯೇ ಕಾಯಂ ಆಯಿತು. ಇ-ವೇ ಬಿಲ್ಲು 2018ರ ಫೆಬ್ರವರಿ 1ರಂದು ಆರಂಭವಾದ ದಿನವೇ ಜಾಲತಾಣ ಕುಸಿದು ಮುಂದಕ್ಕೆ ಹೋಯಿತು. ಏಪ್ರಿಲ್ 1ರಂದು ಪುನಃ ಆರಂಭವಾದಾಗ ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು ಅದೇ ದಿನ ಅನ್ವಯಿಸಿದ ಏಕೈಕ ರಾಜ್ಯ ಕರ್ನಾಟಕ. ಹೊರಮಿತಿ ಇದ್ದರಷ್ಟೇ ಸಾಲದು, ಸಿದ್ಧತೆಯ ಷರತ್ತೂ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ದರ ಬದಲಾವಣೆಯ ದಿನಾಂಕದ ಲೆಕ್ಕವೇ ಬೇರೆ. ದರ ಏರುವುದನ್ನು ಮುಂಚಿತವಾಗಿ ಹೇಳಿದರೆ ಎಲ್ಲರೂ ದಾಸ್ತಾನು ಮಾಡುತ್ತಾರೆ. ಆದ್ದರಿಂದಲೇ ಮುಂಗಡಪತ್ರದ ಸುಂಕಗಳು ಘೋಷಣೆಯ ಬೆನ್ನಿಗೇ ಜಾರಿಯಾಗುವಂತೆ 1931ರಿಂದಲೂ ಪ್ರತ್ಯೇಕ ಕಾಯ್ದೆಯಿತ್ತು. 2023ರಲ್ಲಿ ಅದನ್ನು ಹೊಸದಾಗಿ ಬರೆದಿದ್ದಾರೆ. ದರ ಇಳಿಯುವುದನ್ನು ಮುಂಚಿತವಾಗಿ ಹೇಳಿದರೆ ಗಿರಾಕಿಯೇ ಅಂಗಡಿಗೆ ಬರುವುದಿಲ್ಲ. 2025ರ ಸೆಪ್ಟೆಂಬರ್ 3ರಂದು ಮಂಡಳಿಯು ದರ ಇಳಿಸಿ, ನವರಾತ್ರಿಯ ಮೊದಲ ದಿನವಾದ 22ರಿಂದ ಜಾರಿ ಎಂದಾಗ, ನಡುವಿನ ದಿನಗಳಲ್ಲಿ ಸಿಮೆಂಟು, ಟಿ.ವಿ. ಮಾರುವವರು ಖಾಲಿ ಕುಳಿತದ್ದು ನೆನಪಿರಬಹುದು. ಹಬ್ಬದ ಮಾರಾಟ ಆ ನಷ್ಟವನ್ನು ಕೆಲವರಿಗೆ ತುಂಬಿಕೊಟ್ಟಿತು, ಎಲ್ಲರಿಗೂ ಅಲ್ಲ.

ಒಂದು ದಿನದ ಮಾತಿರಲಿ, ಸೆಕೆಂಡಿನ ಮೇಲೂ ವ್ಯಾಜ್ಯ ನಡೆದಿದೆ. ಪುಲ್ವಾಮಾ ದಾಳಿಯ ತರುವಾಯ ಪಾಕಿಸ್ತಾನದ ಸರಕಿನ ಮೇಲೆ ಶೇಕಡಾ 200ರ ಸುಂಕ ವಿಧಿಸಿದ ಅಧಿಸೂಚನೆಯು 2019ರ ಫೆಬ್ರವರಿ 16ರಂದು ವಿದ್ಯುನ್ಮಾನ ರಾಜ್ಯಪತ್ರದಲ್ಲಿ ಪ್ರಕಟವಾದದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅದಕ್ಕೂ ಮೊದಲು, ಅದೇ ದಿನ, ಅಟ್ಟಾರಿಯಲ್ಲಿ ಕಾಗದ ಸಲ್ಲಿಸಿದ್ದ ಆಮದುದಾರರಿಂದಲೂ ಹೊಸ ಸುಂಕವನ್ನು ಕೇಳಲಾಯಿತು. ದಿನವು ಮಧ್ಯರಾತ್ರಿಯಿಂದಲೇ ಆರಂಭ ಎಂದು ಸರ್ಕಾರ ವಾದಿಸಿತು. ಜಿ. ಎಸ್. ಚಾತಾ ರೈಸ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರ್ 23ರಂದು ಆ ವಾದವನ್ನು ತಳ್ಳಿಹಾಕಿತು. ಪ್ರಕಟವಾದ ಕ್ಷಣದಿಂದ ಮಾತ್ರ ಹೊಸ ದರ ಅನ್ವಯಿಸುತ್ತದೆ. ಪ್ರಕಟಿಸದ ಕಾನೂನು ಕಾನೂನೇ ಅಲ್ಲವೆಂದು ಜಯಪುರ ಸಂಸ್ಥಾನದ ಅಫೀಮು ಕಾಯ್ದೆಗೆ ಸಂಬಂಧಿಸಿದ ಹರ್ಲಾ ಪ್ರಕರಣದಲ್ಲಿ 1951ರಷ್ಟು ಹಿಂದೆಯೇ ಹೇಳಿದ್ದನ್ನು ಗಣಕಯುಗಕ್ಕೆ ಹೊಂದಿಸಿದ ತೀರ್ಪು ಇದು.

ಹಾಗಾದರೆ ಬೇಕಾದದ್ದೇನು? ಹೊರದೇಶಗಳಲ್ಲಿ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಆಸ್ಟ್ರೇಲಿಯಾದ ಕಾಯ್ದೆಗಳಲ್ಲಿ, ಸರ್ಕಾರವು ಆರು ತಿಂಗಳೊಳಗೆ ದಿನಾಂಕ ಗೊತ್ತುಪಡಿಸದಿದ್ದರೆ ಆ ಅವಧಿ ಮುಗಿದ ಮರುದಿನ ಕಾಯ್ದೆಯು ತಾನಾಗಿಯೇ ಜಾರಿಯಾಗುವಂತೆ ಬರೆಯುವ ರೂಢಿಯಿದೆ. ಬ್ರಿಟನ್ನಿನಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಹೊಸ ನಿಯಮಗಳನ್ನು ಏಪ್ರಿಲ್ 6 ಮತ್ತು ಅಕ್ಟೋಬರ್ 1 ಎಂಬ ಎರಡು ಸಾಮಾನ್ಯ ದಿನಾಂಕಗಳಲ್ಲಿಯೇ ಆರಂಭಿಸುವ ಪದ್ಧತಿಯನ್ನು ತಂದರು. (ಅಲ್ಲಿಯೂ 1928ರ ಈಸ್ಟರ್ ಕಾಯ್ದೆಯು ಇಂದಿನವರೆಗೆ ಜಾರಿಗೆ ಬಾರದೆ ಕುಳಿತಿದೆ, ದೂರದ ಬೆಟ್ಟವೂ ನುಣ್ಣಗಿಲ್ಲ.)

ಕರ್ನಾಟಕಕ್ಕೆ 1899ರ ಸಾಮಾನ್ಯ ಖಂಡಗಳ ಅಧಿನಿಯಮ ಇದ್ದೇ ಇದೆ. ಅದಕ್ಕೆ ಒಂದು ಕಲಮನ್ನು ಸೇರಿಸಿದರೆ ಎಲ್ಲ ಕಾಯ್ದೆಗಳಿಗೂ ಅನ್ವಯವಾಗುತ್ತದೆ. ಸರ್ಕಾರಕ್ಕೆ ದಿನಾಂಕ ಬಿಟ್ಟುಕೊಟ್ಟಲ್ಲೆಲ್ಲ ಒಂದು ವರ್ಷದ ಹೊರಮಿತಿ ಇರಲಿ. ಮೀರಿದರೆ ಕಾಯ್ದೆ ತಾನಾಗಿ ಜಾರಿಯಾಗಲಿ, ಇಲ್ಲವೇ ಸಚಿವರು ಸದನಕ್ಕೆ ಬಂದು ಕಾರಣ ಹೇಳಿ ಹೊಸ ಅವಧಿ ಪಡೆಯಲಿ. ದಂಡ ಅಥವಾ ಶಿಕ್ಷೆಯ ಕಲಮುಗಳು, ನಿಯಮಾವಳಿ ಮತ್ತು ನಮೂನೆಗಳು ಕನ್ನಡದಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಗಿ ಅರವತ್ತು ದಿನ ಕಳೆಯುವವರೆಗೆ ಜಾರಿಯಾಗಕೂಡದು. ಮೋಸ, ದಾಸ್ತಾನು, ತೆರಿಗೆ ತಪ್ಪಿಸುವಿಕೆಯ ಭಯವಿರುವ ಕಾನೂನುಗಳಿಗೆ ಈ ಅಂತರ ಬೇಡವೆಂದಾದರೆ, ಮಸೂದೆಯ ಉದ್ದೇಶ ಮತ್ತು ಕಾರಣಗಳ ಹೇಳಿಕೆಯಲ್ಲಿ ಅದನ್ನು ಬರೆದು ಸದನದ ಒಪ್ಪಿಗೆ ಪಡೆಯಲಿ; 2005ರ ಉತ್ತರಾಧಿಕಾರ ತಿದ್ದುಪಡಿಯಂತೆ ಮಂಡನೆಯ ದಿನಾಂಕವನ್ನೇ ಗಡಿಯಾಗಿ ಇಡಲಿ. ಸರ್ಕಾರದ ಕೈ ಕಟ್ಟಿದಂತಾಗುತ್ತದೆ ಎಂದು ಅಧಿಕಾರಿಗಳು ಆಕ್ಷೇಪಿಸಬಹುದು. ಸಿದ್ಧತೆಗೆ ಎಷ್ಟು ತಿಂಗಳು ಬೇಕೆಂಬ ಅಂದಾಜೂ ಇಲ್ಲದೆ ಮಸೂದೆಯನ್ನು ಸದನಕ್ಕೆ ತಂದಿದ್ದರೆ, ಅಂತಹ ಕೈಯನ್ನು ಕಟ್ಟುವುದೇ ಲೇಸು.

ಸಾಮಾನ್ಯ ದಿನಾಂಕಗಳ ವಿಷಯದಲ್ಲಿ ಬ್ರಿಟನ್ನಿನ ಅಕ್ಟೋಬರ್ 1 ನಮಗೆ ಹೊಂದುವುದಿಲ್ಲ. ಆ ವೇಳೆಗೆ ಬೀದರ ಜಿಲ್ಲೆಯ ಮಾರುಕಟ್ಟೆಗಳಿಗೆ ಉದ್ದು, ಹೆಸರಿನ ಹಿಂದೆಯೇ ಸೋಯಾ ಅವರೆ ಬರತೊಡಗುತ್ತದೆ. ಅದರ ಬೆನ್ನಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗುತ್ತವೆ. ಡಿಸೆಂಬರ್ ಕಳೆಯುವಷ್ಟರಲ್ಲಿ ತೊಗರಿ. ಅಡತಿಯವನಿಗೂ ಗುಮಾಸ್ತನಿಗೂ ಹೊಸ ನಮೂನೆ ಕಲಿಯಲು ಬಿಡುವಿರುವುದು ಬಿತ್ತನೆಯ ಕಾಲದಲ್ಲಿ. ಲೆಕ್ಕದ ವರ್ಷಕ್ಕೆ ಹೊಂದುವ ಏಪ್ರಿಲ್ 1, ಅದು ತಪ್ಪಿದರೆ ಜುಲೈ 1, ಇವೆರಡೇ ಈ ಭಾಗಕ್ಕೆ ಅನುಕೂಲ. ಜೊತೆಗೆ, ವ್ಯಾಪಾರದ ಮೇಲೆ ಪರಿಣಾಮ ಬೀರುವ ಯಾವುದೇ ರಾಜ್ಯ ಕಾಯ್ದೆಗೆ ದಿನಾಂಕ ಗೊತ್ತುಪಡಿಸುವ ಮುನ್ನ ಗಡಿಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳ ಅಭಿಪ್ರಾಯ ಕೇಳಬೇಕೆಂದೂ ಮನವಿಯಲ್ಲಿ ಸೇರಿಸಬೇಕು. ಈ ಮನವಿಯನ್ನು ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿಯು ಮುಂದಿನ ಅಧಿವೇಶನಕ್ಕೆ ಮೊದಲು ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಿಗೂ ನಮ್ಮ ಶಾಸಕರಿಗೂ ಸಲ್ಲಿಸುವುದು ಸೂಕ್ತ.

ಅಲ್ಲಿಯವರೆಗೆ ಸದಸ್ಯರು ಒಂದು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಯಾವುದೇ ಅಧಿಸೂಚನೆಯ ಮೇಲೆ ಮೂರು ದಿನಾಂಕಗಳಿರಬಹುದು: ಅಧಿಕಾರಿ ಸಹಿ ಮಾಡಿದ್ದು, ರಾಜ್ಯಪತ್ರದಲ್ಲಿ ಪ್ರಕಟವಾದದ್ದು, ಜಾರಿಗೆ ಬರುವುದು. ವಾಟ್ಸ್‌ಆ್ಯಪಿನಲ್ಲಿ ಬಂದ ಪ್ರತಿಯಲ್ಲಿ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಕಾಣುತ್ತದೆ. ರಾಜ್ಯಪತ್ರದ ಜಾಲತಾಣದಿಂದಲೇ ಪ್ರತಿಯನ್ನು ಇಳಿಸಿಕೊಂಡು, ಪ್ರಕಟವಾದ ವೇಳೆ ಕಾಣುವಂತೆ ಮುದ್ರಿಸಿ, ಆ ದಿನದ ಖರೀದಿ ಮತ್ತು ಮಾರಾಟದ ಬಿಲ್ಲುಗಳ ಜೊತೆಗೆ ಕಡತದಲ್ಲಿಡಿರಿ. ಬಿಲ್ಲಿನ ಮೇಲೆ ವೇಳೆಯನ್ನೂ ಬರೆಯಿರಿ.